ಏರುವ ಗೆರೆಗೂ ಮುಂಚೆ ದಾಖಲೆಪುಸ್ತಕ

ಮಾನ್ಯರೇ,

ಮೂವತ್ತು ವರ್ಷಗಳ ತಾಪಮಾನವನ್ನು ಗ್ರಾಫಿಗೆ ಇಳಿಸಿದೊಡನೆ ನಮ್ಮ ಕಣ್ಣು ಅಲ್ಲೊಂದು ಗೆರೆಯನ್ನು ಹುಡುಕತೊಡಗುತ್ತದೆ, ಹುಡುಕಿದರೆ ಸಿಕ್ಕಿಯೂ ಬಿಡುತ್ತದೆ. ಆ ಗೆರೆ ನಿಜವೋ ಆಕಸ್ಮಿಕವೋ ಎಂದು ತಿಳಿಯಲು ನಾವೆಲ್ಲರೂ ಮಾನ್-ಕೆಂಡಾಲ್ ಎಂಬ ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಮೊರೆ ಹೋಗುತ್ತೇವೆ. ಅದಕ್ಕೂ ಮುಂಚೆ ತಾಪಮಾನ ಅಳೆದ ಹವಾಮಾನ ಕೇಂದ್ರದ ದಾಖಲೆಪುಸ್ತಕವನ್ನು ಓದಬೇಕು ಎಂಬುದೇ ಇಂದು ನನ್ನ ವಾದ.

1945ರಲ್ಲಿ ಹೆನ್ರಿ ಮಾನ್ ಮಂಡಿಸಿದ ಈ ಪರೀಕ್ಷೆ ಎಷ್ಟು ಸರಳವೆಂದರೆ, ಪ್ರತಿ ವರ್ಷವನ್ನೂ ಅದರ ನಂತರದ ಎಲ್ಲ ವರ್ಷಗಳೊಡನೆ ಹೋಲಿಸಿ, ನಂತರದ್ದು ಹೆಚ್ಚಿದ್ದರೆ ಒಂದನ್ನು ಕೂಡುತ್ತೇವೆ, ಕಡಿಮೆಯಿದ್ದರೆ ಒಂದನ್ನು ಕಳೆಯುತ್ತೇವೆ. ಮೂವತ್ತು ವರ್ಷಗಳಿಗೆ 435 ಜೋಡಿಗಳು. ಅವುಗಳಲ್ಲಿ 273 ಏರಿಕೆ, 162 ಇಳಿಕೆಯಾದರೆ ಮೊತ್ತ 111. ಶೇಕಡ 5ರ ಮಟ್ಟದಲ್ಲಿ, ಅಂದರೆ ಬರೀ ಆಕಸ್ಮಿಕದಿಂದ ಹೀಗಾಗುವ ಸಾಧ್ಯತೆ ನೂರಕ್ಕೆ ಐದನ್ನು ಮೀರದಂತೆ, ಪ್ರವೃತ್ತಿ (ಒಂದೇ ದಿಕ್ಕಿನ ಏರಿಕೆ ಇಲ್ಲವೇ ಇಳಿಕೆ) ಇದೆ ಎನ್ನಲು ಅಷ್ಟು ಸಾಕು. ಒಂದೇ ಒಂದು ಜೋಡಿ ಮಗುಚಿದರೆ ಮೊತ್ತ 109ಕ್ಕಿಳಿದು ತೀರ್ಪೇ ಬದಲಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಒಂದು ಕೇಂದ್ರದ ಕನಿಷ್ಠ ತಾಪಮಾನದ ಫಲಿತಾಂಶವನ್ನು ತಂದಳು. ಮೊತ್ತ ಬಹಳ ದೊಡ್ಡದಿತ್ತು, ಸಂದೇಹಕ್ಕೆ ಎಡೆಯೇ ಇರಲಿಲ್ಲ. ಆದರೆ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ನೋಡುತ್ತ ಹೋದಾಗ ಏರಿಕೆ ಎಲ್ಲೂ ನಿಧಾನವಾಗಿ ಆಗಿರಲಿಲ್ಲ: ಮೊದಲರ್ಧ ಸಮತಟ್ಟು, ನಡುವೆ ಒಂದು ಮೆಟ್ಟಿಲು, ಮತ್ತೆ ಸಮತಟ್ಟು. ಇಬ್ಬರೂ ಹಳೆಯ ದಾಖಲೆಪುಸ್ತಕವನ್ನು ತೆರೆದೆವು. ಮಸಿ ಮಾಸಿದ ಆ ಪುಟದ ಅಂಚಿನಲ್ಲಿ, ಉಷ್ಣಮಾಪಕದ ಪೆಟ್ಟಿಗೆಯನ್ನು ಹುಲ್ಲುಬಯಲಿನಿಂದ ಕಟ್ಟಡದ ಪಕ್ಕಕ್ಕೆ ಸಾಗಿಸಲಾಗಿದೆ ಎಂದು ಒಂದೇ ಸಾಲಿತ್ತು. ರಾತ್ರಿ ಶಾಖ ಬಿಡುವ ಗೋಡೆ ಹತ್ತಿರವಿದ್ದರೆ ಕನಿಷ್ಠ ತಾಪಮಾನ ಏರದೆ ಇನ್ನೇನಾದೀತು? ಆ ವರ್ಷವನ್ನು ಗಡಿಯಾಗಿಟ್ಟು ಎರಡು ಭಾಗಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದಾಗ ಎರಡರಲ್ಲೂ ಪ್ರವೃತ್ತಿ ಕಾಣಲಿಲ್ಲ. ಪೆಟಿಟ್ 1979ರಲ್ಲಿ ಕೊಟ್ಟ ಪರೀಕ್ಷೆ ಇಂಥ ಮೆಟ್ಟಿಲು ಎಲ್ಲಿದೆಯೆಂದು ತೋರಿಸಬಲ್ಲದು. ಅದು ಏಕೆ ಬಂತೆಂದು ಹೇಳಲು ಆ ಒಂದು ಸಾಲೇ ಬೇಕಾಯಿತು. ತಾಪಮಾನ ಏರುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಭೂಮಿ ಬಿಸಿಯಾಗುತ್ತಿರುವುದು ನಿಸ್ಸಂದೇಹ. ಅದಕ್ಕಾಗಿಯೇ ನಮ್ಮ ಪ್ರತಿಯೊಂದು ಕೇಂದ್ರದ ಸಾಕ್ಷ್ಯವೂ ಗಟ್ಟಿಯಾಗಿರಬೇಕು.

ಇನ್ನೊಂದು ತೊಡಕು ಅಂಕಿಗಳ ಒಳಗೇ ಇದೆ. ಬಿಸಿ ವರ್ಷದ ಬೆನ್ನಿಗೆ ಬಿಸಿ ವರ್ಷವೇ ಬರುವ ಒಲವಿದ್ದರೆ ವರ್ಷಗಳು ಪರಸ್ಪರ ಸ್ವತಂತ್ರವಾಗಿ ಉಳಿಯುವುದಿಲ್ಲ. ಆಗ ಮೊತ್ತ ಆಕಸ್ಮಿಕವಾಗಿ ಎಷ್ಟು ಏರಿಳಿಯಬಹುದೆಂದು ಲೆಕ್ಕಹಾಕಲು ನಾವು ಬಳಸುವ ಸೂತ್ರ ಆ ಏರಿಳಿತವನ್ನು ಕಡಿಮೆಯಾಗಿ ಅಂದಾಜಿಸುತ್ತದೆ, ಇಲ್ಲದ ಪ್ರವೃತ್ತಿ ಇದ್ದಂತೆ ತೋರುತ್ತದೆ. 1998ರಲ್ಲಿ ಹಮೀದ್ ಮತ್ತು ರಾವ್ ಸೂಚಿಸಿದ ತಿದ್ದುಪಡಿ ಇದಕ್ಕಾಗಿಯೇ ಇದೆ. ದಯವಿಟ್ಟು ಬಳಸಿ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಏರಿಕೆಯ ವೇಗಕ್ಕೆ ಸೆನ್ ಅವರ 1968ರ ವಿಧಾನ ಸಾಕು: ಅದೇ 435 ಜೋಡಿಗಳ ಇಳಿಜಾರುಗಳನ್ನು, ಅಂದರೆ ವರ್ಷಕ್ಕೆ ಎಷ್ಟು ಬದಲಾವಣೆ ಎಂಬ ಅಂಕಿಗಳನ್ನು, ಕ್ರಮವಾಗಿ ಜೋಡಿಸಿ ನಟ್ಟನಡುವಿನ 218ನೆಯದನ್ನು ತೆಗೆದುಕೊಳ್ಳುವುದು. ಒಂದು ವಿಪರೀತ ವರ್ಷ ಅದನ್ನು ಹೆಚ್ಚು ಅಲುಗಿಸಲಾರದು. ಕೊನೆಯದಾಗಿ, ಯಾವ ಪ್ರವೃತ್ತಿಯೂ ಇಲ್ಲದ ನೂರು ಕೇಂದ್ರಗಳನ್ನು ಶೇಕಡ 5ರ ಮಟ್ಟದಲ್ಲಿ ಪರೀಕ್ಷಿಸಿದರೂ ಸರಾಸರಿ ಐದು ಕೇಂದ್ರಗಳು 'ಇದೆ' ಎನ್ನುತ್ತವೆ. ನಕ್ಷೆಯಲ್ಲಿ ಆ ಐದಕ್ಕೆ ಕೆಂಪು ಬಣ್ಣ ಹಚ್ಚುವ ಮುಂಚೆ ಅವುಗಳ ಐದು ದಾಖಲೆಪುಸ್ತಕಗಳನ್ನು ತರಿಸಿಕೊಳ್ಳಿ.