ಶೆಡ್ಯೂಲ್ ಫ್ರೀಜ್ ಮಾಡಿದರೆ ಸ್ಟಾಕ್ ಎಷ್ಟು ಹೆಚ್ಚಾಗುತ್ತೆ? ಲೆಕ್ಕ ಹಾಕಿ ನೋಡೋಣ

[ದೃಶ್ಯ: ಪೀಣ್ಯದ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ಶಾಪ್. ಬರೆದು, ಅಳಿಸಿ, ಮತ್ತೆ ಬರೆದ ವಾರದ ಪ್ಲಾನ್ ಬೋರ್ಡ್]

ಸೋಮವಾರ 500 ಬುಷ್ (ಸಣ್ಣ ಕೊಳವೆಯಂಥ ಬಿಡಿಭಾಗ) ಬೇಕು ಅಂದ ಕಸ್ಟಮರ್ ಬುಧವಾರ 620 ಅಂತಾರೆ, ಶುಕ್ರವಾರ 410ಕ್ಕೆ ಇಳಿಸ್ತಾರೆ. ಪ್ರತಿ ಫೋನಿಗೂ ಪ್ಲಾನ್ ಬದಲಿಸ್ತಾ ಹೋದರೆ ಪೀಸ್ ಹಿಡಿಯೋ ಜಾ ಬಿಚ್ಚಬೇಕು, ಟೂಲ್ ಆಫ್‌ಸೆಟ್ (ಟೂಲಿನ ಅಳತೆ) ಹೊಂದಿಸಬೇಕು, ಮೊದಲ ಪೀಸ್ ಇನ್‌ಸ್ಪೆಕ್ಷನ್ ಆಗೋವರೆಗೂ ಮಷಿನ್ ಸುಮ್ಮನೆ ನಿಂತಿರಬೇಕು.

ಇದಕ್ಕೆ ಮದ್ದು ಫ್ರೀಜ್. ಮುಂದಿನ ಎರಡು ವಾರದ ಪ್ಲಾನ್ ಮುಟ್ಟೋ ಹಾಗಿಲ್ಲ. "ಹಾಗಾದ್ರೆ ಸ್ಟಾಕ್ ಜಾಸ್ತಿ ಇಡಬೇಕಲ್ಲ?" ಅಂತ ಮಾಲೀಕರು ಹಿಂಜರೀತಾರೆ. ಇಡಬೇಕು ನಿಜ. ಎಷ್ಟು ಅನ್ನೋದನ್ನ ಒಂದು ಉದಾಹರಣೆಯಲ್ಲಿ ನೋಡೋಣ.

[ಪರದೆಯ ಮೇಲೆ: ಸೇಫ್ಟಿ ಸ್ಟಾಕ್ = 1.65 × 80 × √ವಾರಗಳು]

ಸೇಫ್ಟಿ ಸ್ಟಾಕ್ ಅಂದ್ರೆ ಅಂದಾಜು ತಪ್ಪಿದಾಗ ಕೈಹಿಡಿಯೋ ಹೆಚ್ಚುವರಿ ಸ್ಟಾಕ್. 80 ಅಂದ್ರೆ ವಾರದ ಫೋರ್‌ಕಾಸ್ಟ್ (ಬೇಡಿಕೆಯ ಅಂದಾಜು) ತಪ್ಪಿನ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದ್ರೆ ಆ ತಪ್ಪು ಸಾಮಾನ್ಯವಾಗಿ ಎಷ್ಟು ಹೆಚ್ಚುಕಮ್ಮಿ ಆಗುತ್ತೆ ಅನ್ನೋದರ ಅಳತೆ. ನೂರರಲ್ಲಿ 95 ಸಲ ಸ್ಟಾಕ್ ಸಾಲಬೇಕು ಅಂದ್ರೆ 1.65. ತಯಾರಿಕೆಗೆ ಒಂದು ವಾರ, ಪ್ಲಾನ್ ಮಾಡೋದು ವಾರಕ್ಕೊಮ್ಮೆ. ಒಟ್ಟು 2 ವಾರಕ್ಕೆ 187 ಪೀಸ್ ಬೇಕು. ಫ್ರೀಜಿನ 2 ವಾರ ಸೇರಿ 4 ಆದರೆ 264. ವಾರ ದುಪ್ಪಟ್ಟಾದರೂ ಸ್ಟಾಕ್ ದುಪ್ಪಟ್ಟಾಗಲಿಲ್ಲ, ಹೆಚ್ಚಾಗಿದ್ದು 77 ಪೀಸ್.

ಪೀಸಿಗೆ ₹120, ಬಡ್ಡಿ, ಜಾಗ ಎಲ್ಲಾ ಸೇರಿ ವರ್ಷಕ್ಕೆ ಶೇ. 20 ಅಂದುಕೊಂಡರೂ ಆ 77ರ ಖರ್ಚು ವರ್ಷಕ್ಕೆ ₹1,848. ಜಾ, ಟೂಲ್ ಬದಲಿಸಿ ಹೊಂದಿಸೋ ಒಂದು ಸೆಟ್ಟಿಂಗ್‌ಗೆ 2 ಗಂಟೆ, ಗಂಟೆಗೆ ₹500 ಅಂದ್ರೆ ₹1,000. ವರ್ಷದಲ್ಲಿ ಎರಡೇ ಎರಡು ಅವಸರದ ಸೆಟ್ಟಿಂಗ್ ತಪ್ಪಿದರೂ ಫ್ರೀಜಿನ ಖರ್ಚು ವಾಪಸ್ ಬಂತು!

[ದೃಶ್ಯ: ಸ್ಟೋರಿನಲ್ಲಿ ಫಿನಿಶ್ಡ್ ಬುಷ್, ಪಕ್ಕದಲ್ಲಿ ಕತ್ತರಿಸಿಟ್ಟ ರಾಡ್]

ಲೆಕ್ಕ ಕೈಕೊಡೋದು ಹೆಚ್ಚಾಗಿ 80ರ ಜಾಗದಲ್ಲಿ. ಮಾರಾಟದ ಏರಿಳಿತವನ್ನೇ ಅಲ್ಲಿ ಹಾಕಿಬಿಡ್ತಾರೆ. ದಸರಾ ರಜೆಗೆ ಆರ್ಡರ್ ಇಳಿಯುತ್ತೆ ಅಂತ ಮೊದಲೇ ಗೊತ್ತಿದ್ದರೆ ಅದು ಅನಿಶ್ಚಿತತೆ ಅಲ್ಲ, ಅದಕ್ಕೆ ಸೇಫ್ಟಿ ಸ್ಟಾಕ್ ಯಾಕೆ? ಫೋರ್‌ಕಾಸ್ಟ್‌ಗೂ ನಿಜವಾದ ಆರ್ಡರಿಗೂ ಇರೋ ವ್ಯತ್ಯಾಸವನ್ನ ವಾರವಾರ ಬರೆದಿಟ್ಟು, ಅದರಿಂದಲೇ ತೆಗೀರಿ.

ಇನ್ನೊಂದು ವಿಷಯ. ಒಂದೇ ರಾಡಿನಿಂದ ನಾಲ್ಕು ಬಗೆಯ ಬುಷ್ ಆಗೋದಾದರೆ ಎಲ್ಲವನ್ನೂ ಫಿನಿಶ್ ಮಾಡಿ ತುಂಬಿಸಬೇಡಿ. ಸ್ಟಾಕಿನ ಒಂದು ಭಾಗ ಕತ್ತರಿಸಿದ ರಾಡಾಗಿಯೇ ಇರಲಿ. ಒಂದರ ಬೇಡಿಕೆ ಏರಿದಾಗ ಇನ್ನೊಂದರದು ಇಳಿದಿರಬಹುದು, ರಾಡ್ ಯಾವುದಕ್ಕಾದರೂ ಆಗುತ್ತೆ. ಆದರೆ ಫ್ರೀಜಿನೊಳಗೆ ಬರೋ ಏರಿಕೆಗೆ ಫಿನಿಶ್ಡ್ ಪೀಸೇ ಬೇಕು, ಅದನ್ನ ಪೂರ್ತಿ ಇಳಿಸಬೇಡಿ.