ಮೂಗೇಟಿನ ಹಸಿರು, ಬ್ಯಾಕ್ಟೀರಿಯಾದ ಕಣ್ಣು

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಂದ ಹಿಡಿದು ನಿವೃತ್ತ ಮೇಷ್ಟ್ರುಗಳವರೆಗೆ ಎಲ್ಲರೂ ಕೂತಿದ್ದೀರಿ. ಹಾಗಾಗಿ ಪ್ರೋಟೀನಿನಿಂದ ಶುರು ಮಾಡುವುದು ಬೇಡ, ಮೊಣಕಾಲಿನಿಂದ ಶುರು ಮಾಡೋಣ.

ಮಂಚದ ಮೂಲೆ ಮೊಣಕಾಲಿಗೆ ಬಡಿಯುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ನೀಲಿಗಟ್ಟುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಅಂಚಿನಲ್ಲಿ ಒಂಥರಾ ಹಸಿರು. ಆ ಹಸಿರು ಏನು ಗೊತ್ತಾ? ಚರ್ಮದ ಕೆಳಗೆ ಸೋರಿದ ರಕ್ತದಲ್ಲಿ ಹೀಮ್ ಇರುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಉಂಗುರದಂಥ ಅಣು ಅದು. ದೇಹ ಆ ಉಂಗುರವನ್ನು ಒಂದು ಕಡೆ ಕತ್ತರಿಸಿ ಬಿಚ್ಚುತ್ತದೆ. ಆಗ ಸಿಗುವ ಹಸಿರು ವಸ್ತುವಿನ ಹೆಸರು ಬಿಲಿವರ್ಡಿನ್. ಅದು ಇನ್ನೊಂದು ಹೆಜ್ಜೆ ಮುಂದೆ ಹೋದರೆ ಹಳದಿ ಬಿಲಿರುಬಿನ್. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದು ಅದರಿಂದ. ನಮ್ಮ ಪಾಲಿಗೆ ಇದೆಲ್ಲ ಹಳೇ ರಕ್ತದ ಕಸ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ತಮ್ಮದೇ ಹೀಮ್ ಬಿಚ್ಚಿ, ಆ ಬಿಲಿವರ್ಡಿನ್ನನ್ನು ಒಂದು ಪ್ರೋಟೀನಿನೊಳಗೆ ಇಟ್ಟುಕೊಂಡು ಬೆಳಕನ್ನು ಗುರುತಿಸುತ್ತವೆ.

ಈ ಜಾತಿಯ ಪ್ರೋಟೀನಿಗೆ ಫೈಟೋಕ್ರೋಮ್ ಅಂತ ಹೆಸರು. ಇದರ ಸುಳಿವು ಮೊದಲು ಸಿಕ್ಕಿದ್ದು ಗಿಡಗಳಲ್ಲಿ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಗಾರರು ಲೆಟಿಸ್ ಸೊಪ್ಪಿನ ಬೀಜಕ್ಕೆ ಕೆಂಪು ಬೆಳಕು ಬಿಟ್ಟರು, ಮೊಳೆಯಿತು. ಕೆಂಪಿನ ನಂತರ ಅದರಾಚೆಯ, ನಮ್ಮ ಕಣ್ಣಿಗೆ ಕಂಡೂ ಕಾಣದ ದೂರಗೆಂಪು ಬಿಟ್ಟರು, ಮೊಳೆಯಲಿಲ್ಲ. ಎಷ್ಟು ಸಲ ಬದಲಾಯಿಸಿದರೂ ಅಷ್ಟೇ, ಕೊನೆಗೆ ಬಿದ್ದ ಬೆಳಕಿನದ್ದೇ ಮಾತು. ಇದು ಗಿಡಗಳ ಸ್ವಂತ ಆಸ್ತಿ ಅಂತ ಬಹಳ ಕಾಲ ಅಂದುಕೊಂಡಿದ್ದರು. 1999ರ ಹೊತ್ತಿಗೆ ಡೈನೋಕಾಕಸ್ ರೇಡಿಯೋಡ್ಯೂರನ್ಸ್ ಎಂಬ ಬ್ಯಾಕ್ಟೀರಿಯಾದಲ್ಲೂ ಸಿಕ್ಕಿತು. ಇದು ಮಹಾ ಗಟ್ಟಿ ಪಿಂಡ. 1956ರಲ್ಲಿ ಆರೆಗಾನ್‌ನಲ್ಲಿ ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಮಾಂಸದ ಡಬ್ಬಿಯೊಳಗೆ ಆರಾಮಾಗಿ ಬದುಕಿದ್ದ ಜೀವಿ ಇದೇ.

ಈಗ ರಚನೆಗೆ ಬರೋಣ. ಬೆಳಕು ಹಿಡಿಯುವ ಭಾಗದಲ್ಲಿ ಮೂರು ತುಂಡುಗಳಿವೆ: ಪ್ಯಾಸ್, ಗ್ಯಾಫ್, ಫೈ. ಹೆಸರು ನೆನಪಿಡಬೇಕಾಗಿಲ್ಲ. ಬಿಲಿವರ್ಡಿನ್ ಗ್ಯಾಫ್‌ನ ಗುಳಿಯಲ್ಲಿ ಕೂತಿರುತ್ತದೆ. ಮೂರೂ ಮುಗಿದ ಮೇಲೆ ಬಾಲದ ಕಡೆ ಹಿಸ್ಟಿಡಿನ್ ಕೈನೇಸ್, ಅಂದರೆ ಸುದ್ದಿ ದಾಟಿಸುವ ಭಾಗ. ಇಂಥ ಎರಡು ಪ್ರೋಟೀನ್ ಅಕ್ಕಪಕ್ಕ ಜೋಡಿಯಾಗಿರುತ್ತವೆ.

2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಡೈನೋಕಾಕಸ್‌ನ ಈ ಪ್ರೋಟೀನಿನ ಮೊದಲೆರಡು ತುಂಡುಗಳನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಆಕಾರ ಕಂಡುಹಿಡಿದರು. ಅಲ್ಲೊಂದು ಗಂಟು ಕಂಡಿತು! ಪ್ರೋಟೀನಿನ ಎಳೆ ಸಾಮಾನ್ಯವಾಗಿ ಮಡಚಿಕೊಳ್ಳುತ್ತದೆ, ಸುತ್ತಿಕೊಳ್ಳುತ್ತದೆ, ಗಂಟು ಬೀಳುವುದು ಅಪರೂಪ. ಇಲ್ಲಿ ಎಳೆಯ ತುದಿ ಗ್ಯಾಫ್‌ನ ಒಂದು ಕುಣಿಕೆಯೊಳಗೆ ತೂರಿಕೊಂಡು, 8ರ ಆಕಾರದ ಗಂಟಾಗಿತ್ತು. ಸೂಜಿ ಹಿಡಿದು ಹೊಲಿದವರಿಗೆ ಗೊತ್ತು, ಬೇಡದ ಕಡೆ ದಾರ ಗಂಟಾದರೆ ಎಂಥ ಪೇಚಾಟ ಅಂತ. ಇಲ್ಲಿ ಈ ಪ್ರೋಟೀನ್ ಪ್ರತಿ ಸಲವೂ ಸರಿಯಾಗಿ ಅದೇ ಗಂಟು ಹಾಕಿಕೊಂಡೇ ಹುಟ್ಟುತ್ತದೆ.

ನನಗೆ ಗಂಟಿಗಿಂತ ಜಾಸ್ತಿ ಇಷ್ಟ ನಾಲಿಗೆ. ಹೌದು, ವಿಜ್ಞಾನಿಗಳೇ ಇಟ್ಟ ಹೆಸರು. ಫೈ ತುಂಡಿನಿಂದ ಒಂದು ನಾಲಿಗೆ ಚಾಚಿ ಬಿಲಿವರ್ಡಿನ್ ಇರುವ ಗುಳಿಯನ್ನು ಮುಟ್ಟುತ್ತದೆ. ಬಿಲಿವರ್ಡಿನ್‌ನಲ್ಲಿ ಸಾಲಾಗಿ ನಾಲ್ಕು ಉಂಗುರ. ಕೆಂಪು ಬೆಳಕು ಬಿದ್ದ ಕೂಡಲೇ ಕೊನೆಯ ಉಂಗುರ ಮಗ್ಗುಲು ಬದಲಿಸುತ್ತದೆ. ಅಷ್ಟೇ, ಕೆಲವೇ ಪರಮಾಣುಗಳ ಅಲುಗಾಟ. ಅದು ನಾಲಿಗೆಗೆ ತಾಗುತ್ತದೆ. ಕತ್ತಲಲ್ಲಿ ನಾಲಿಗೆ ಮಡಚಿದ ರಿಬ್ಬನ್ನಿನಂತೆ ಚಪ್ಪಟೆ. ಬೆಳಕು ಬಿದ್ದ ಮೇಲೆ ಅದರ ಒಂದು ಪಟ್ಟಿ ಹಳೇ ಟೆಲಿಫೋನಿನ ವೈರಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿ ಸುತ್ತಿದರೆ ಉದ್ದ ಕಮ್ಮಿಯಾಗಬೇಕು, ಅಲ್ವಾ? ಎಳೆತ ಬೀಳುತ್ತದೆ. ಜೋಡಿ ಪ್ರೋಟೀನುಗಳ ಫೈ ತುಂಡುಗಳು ಇಕ್ಕಳದ ಕಾಲಿನಂತೆ ಅಗಲುತ್ತವೆ, ಅದೂ ನ್ಯಾನೋಮೀಟರ್ ಲೆಕ್ಕದಲ್ಲಿ. ಒಳಗೆ ಉಂಗುರ ಅಲುಗಿದ್ದು ಅದರ ಹತ್ತನೇ ಒಂದು ಪಾಲಿನ ಅಳತೆಯಲ್ಲಿ! ಸ್ವೀಡನ್ನಿನ ಗೋಥೆನ್‌ಬರ್ಗ್ ಮತ್ತು ಫಿನ್‌ಲೆಂಡಿನ ಯುವಾಸ್ಕುಲಾದ ತಂಡಗಳು 2014ರಲ್ಲಿ ಇದನ್ನು ಕತ್ತಲಲ್ಲೊಮ್ಮೆ, ಬೆಳಕಿನಲ್ಲೊಮ್ಮೆ ನೋಡಿ ತೋರಿಸಿದವು.

ಇಷ್ಟೆಲ್ಲ ಆದ ಮೇಲೆ ಬಾಲದ ಕೈನೇಸ್ ಪಕ್ಕದ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಸುದ್ದಿ ದಾಟುತ್ತದೆ ಅಂತ ಪುಸ್ತಕ ಹೇಳುತ್ತದೆ. ಆದರೆ ಡೈನೋಕಾಕಸ್‌ನ ಪ್ರೋಟೀನ್ ಏನು ಮಾಡಿದರೂ ಅಂಟಿಸಲೇ ಇಲ್ಲ. ಲೋಕಕ್ಕೆಲ್ಲ ಮಾದರಿಯಾದ ಪ್ರೋಟೀನೇ ತನ್ನ ಕೆಲಸ ಮಾಡುತ್ತಿಲ್ಲ! 2021ರಲ್ಲಿ ಗುಟ್ಟು ಬಯಲಾಯಿತು. ಅದು ಫಾಸ್ಫೇಟ್ ಅಂಟಿಸುವುದಲ್ಲ, ಅಂಟಿದ್ದನ್ನು ಕೀಳುವುದು. ಅಗ್ರೋಬ್ಯಾಕ್ಟೀರಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಅದೇ ಮನೆತನದ ಪ್ರೋಟೀನ್ ಅಂಟಿಸುತ್ತದೆ, ಇದು ಬಿಡಿಸುತ್ತದೆ. ಬರೀ ಆಕಾರ ನೋಡಿ ಕಸುಬು ಹೇಳಲು ಹೋಗಿ ನಾವೆಲ್ಲ ಮೋಸ ಹೋಗಿದ್ದೆವು.

ಕೊನೆಗೊಂದು ಮಾತು. ಉಂಗುರ ಮಗ್ಗುಲು ಬದಲಿಸದಂತೆ ಈ ಪ್ರೋಟೀನನ್ನು ತಿದ್ದಿದರೆ, ಹಿಡಿದ ಬೆಳಕನ್ನು ಅದು ವಾಪಸ್ ಚೆಲ್ಲುತ್ತದೆ, ಹೊಳೆಯುತ್ತದೆ. 2009ರಲ್ಲಿ ರೋಜರ್ ಚೆನ್ ಅವರ ಪ್ರಯೋಗಾಲಯದವರು ಹೀಗೆ ತಿದ್ದಿದ ಪ್ರೋಟೀನನ್ನು ಇಲಿಯ ಪಿತ್ತಜನಕಾಂಗದಲ್ಲಿ ಹೊಳೆಯಿಸಿ, ಹೊರಗಿನಿಂದಲೇ ನೋಡಿದರು. ಅದಕ್ಕೆ ಬೇಕಾದ ಬಿಲಿವರ್ಡಿನ್ ಇಲಿಯ ಮೈಯಲ್ಲೇ ಇರುತ್ತದೆ. ಮೊಣಕಾಲಿನ ಆ ಹಸಿರೇ ಅದು.

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಿನಿಂದ ಒಂದು ಕೈ ಎತ್ತಿಕೊಂಡೇ ಇದೆ, ಅಲ್ಲಿಂದಲೇ ಶುರು ಮಾಡೋಣ.