ಕೋಳಿ ಆವರಣದ ಬುಡ ಭದ್ರ ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕಿರುವ ತಾಯಂದಿರು, ಹೊಲದ ಮನೆ ಹತ್ತಿರ ಸಣ್ಣದೊಂದು ಶೆಡ್ ಹಾಕೋಣ ಅಂತ ಲೆಕ್ಕ ಹಾಕುತ್ತಿರುವ ಹುಡುಗರು, ಇವತ್ತಿನ ಮಾತು ನಿಮಗೆ. ಸಾವಿರಗಟ್ಟಲೆ ಕೋಳಿಯ ಫಾರಂ ಇಟ್ಟವರು ಬೇಕಾದರೆ ರೇಡಿಯೋ ಸಣ್ಣ ಮಾಡಿ ಚಹಾ ಕುಡಿದು ಬರಬಹುದು.

ಮರಿ ಮಾಡಿಸಲು ಆರಿಸಿಕೊಂಡ ಹುಂಜಕ್ಕೂ ಹ್ಯಾಟೆಗಳಿಗೂ ಬೇರೆ ಆವರಣ ಬೇಕು. ಬೇರೆ ಯಾಕೆ? ಓಣಿ ಸುತ್ತುವ ಹ್ಯಾಟೆಗೆ ಯಾರ ಮನೆಯ ಹುಂಜ ಗಂಟುಬಿತ್ತು ಅಂತ ಹೇಳೋರು ಯಾರು? ನೀವು ದುಡ್ಡು ಕೊಟ್ಟು ಒಳ್ಳೆ ಹುಂಜ ತಂದಿರುತ್ತೀರಿ. ಮರಿ ನೋಡಿದರೆ ಪಕ್ಕದ ಮನೆಯ ಬಡಕಲು ಹುಂಜದ್ದು! ಅದಕ್ಕೇ ಜಾಳಿ ಹಾಕಿದ ಆವರಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಇದ್ದರೆ ಒಂದು ಹುಂಜ, ಎಂಟರಿಂದ ಹತ್ತು ಹ್ಯಾಟೆ ಆರಾಮಾಗಿ ಇರುತ್ತವೆ. ಎತ್ತರ ಆರು ಅಡಿ ಇಡಿ. ನೀವು ನೆಟ್ಟಗೆ ನಿಂತು ಕಸ ಹೊಡೆಯುವಂತಿರಬೇಕು. ಬಗ್ಗಿ ಹೋಗಬೇಕಾದ ಕಡೆ ಯಾರೂ ದಿನಾ ಕಸ ಹೊಡೆಯುವುದಿಲ್ಲ.

ಅಳತೆ ಇಷ್ಟೇ. ಇವತ್ತು ನಾನು ಹೇಳಲು ಬಂದ ಮಾತು ಬೇರೆ. ಬುಡ ಭದ್ರ ಮಾಡಿ. ಜನ ಮೇಲಿನ ಪತ್ರಾಸಿಗೆ ದುಡ್ಡು ಹಾಕುತ್ತಾರೆ, ಬಾಗಿಲಿಗೆ ಬಣ್ಣ ಹೊಡೆಸುತ್ತಾರೆ, ನೆಲದ ಕಡೆ ನೋಡುವುದೇ ಇಲ್ಲ. ಕಳ್ಳ ಬರುವುದು ಅಲ್ಲಿಂದಲೇ.

ನವಲಗುಂದ ಕಡೆಯ ಒಂದು ಊರಿನ ಸುದ್ದಿ ಹೇಳುತ್ತೇನೆ. ಕಡಲೆ ಕೀಳುವ ಕಾಲ. ಒಬ್ಬ ತಾಯಿ ಫೋನ್ ಮಾಡಿದರು. "ಸಾಹೇಬ್ರ, ಓಣ್ಯಾಗಿನ ನಾಯಿ ನಮ್ಮ ಕೋಳಿ ಎಲ್ಲಾ ಮುಗಿಸಾಕ ಹತ್ತೈತ್ರಿ" ಅಂದರು. ಹದಿನೈದು ದಿನದಲ್ಲಿ ನಾಲ್ಕು ಹ್ಯಾಟೆ ಹೋಗಿದ್ದವು. ಹೋಗಿ ನೋಡಿದೆ. ಆವರಣ ಬಹಳ ಚಂದ ಇತ್ತು. ಮಗ ಹುಬ್ಬಳ್ಳಿಯಿಂದ ಹೊಸ ಜಾಳಿಯ ಸುರುಳಿ ತಂದು, ಕಬ್ಬಿಣದ ಪೈಪಿಗೆ ಹಸಿರು ಬಣ್ಣ ಹೊಡೆದು, ಮೇಲೆ ಪತ್ರಾಸ್ ಹಾಕಿ, ಒಳಗೊಂದು ಬಲ್ಬ್ ಕೂಡ ಹಚ್ಚಿದ್ದ. ಬಾಗಿಲಿಗೆ ಬೀಗ ಬೇರೆ. "ಇಷ್ಟಾದ ಮ್ಯಾಲೂ ನಾಯಿ ಹೆಂಗ ಬರತೈತ್ರಿ?" ಅಂತ ನನ್ನನ್ನೇ ಕೇಳಿದರು. ನಾಯಿ ಪಕ್ಕದ ಮನೆಯದು. ಎರಡೂ ಮನೆಯವರು ಮಾತು ಬಿಟ್ಟಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳುವುದೂ ನಿಂತಿತ್ತು.

ನಾಯಿ ಬೀಗ ತೆಗೆಯುವುದಿಲ್ಲ, ಅಲ್ವಾ? ಕೋಳಿ ಹೋಗುವುದು ಯಾವಾಗ ಅಂತ ಕೇಳಿದೆ. ಹಗಲು ಹೊತ್ತು, ಎಲ್ಲರೂ ಹೊಲಕ್ಕೆ ಹೋದಾಗ. ಆಗಲೇ ನನಗೆ ಅನುಮಾನ ಬಂತು. ಒಲೆಯ ಬೂದಿ ತರಿಸಿ, ಜಾಳಿಯ ಸುತ್ತ ಒಂದು ಮೊಳ ಅಗಲ ತೆಳ್ಳಗೆ ಉದುರಿಸಿ ಎಂದೆ. ಬೆಳಗ್ಗೆ ಬೂದಿ ಉದುರಿಸಿ ಎಲ್ಲರೂ ಹೊಲಕ್ಕೆ ಹೋದರು. ಮಧ್ಯಾಹ್ನ ಬಂದು ನೋಡಿದರೆ ಹಿಂದುಗಡೆ, ತಿಪ್ಪೆಯ ಮಗ್ಗುಲಿಗೆ, ಬೂದಿಯ ಮೇಲೆ ಸಣ್ಣ ಸಣ್ಣ ಹೆಜ್ಜೆ. ಐದು ಬೆರಳು. ಪ್ರತಿ ಬೆರಳಿನ ಮುಂದೆ ಉಗುರಿನ ಚುಕ್ಕೆ. ನಾಯಿಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ. ಬೆಕ್ಕಿನ ಹೆಜ್ಜೆಯಲ್ಲಿ ಉಗುರು ಕಾಣುವುದೇ ಇಲ್ಲ. ಇದು ಮುಂಗುಸಿ.

ಒಳಗೆ ಹೇಗೆ ಹೋಯಿತು? ಅಲ್ಲಿ ಎರೆ ಭೂಮಿ. ಬೇಸಿಗೆ ಹತ್ತಿರ ಬಂದಂತೆ ಬಾಯಿ ಬಿಡುತ್ತದೆ. ಆ ಹುಡುಗ ಜಾಳಿಯನ್ನು ಮಣ್ಣಿಗೆ ತಾಗಿಸಿ ಅಲ್ಲಿಗೇ ಬಿಟ್ಟಿದ್ದ. ಜಾಳಿಯ ಕೆಳಗೆ ಒಂದು ಬಿರುಕು. ಮುಂಗುಸಿ ಅದನ್ನೇ ಸ್ವಲ್ಪ ಕೆರೆದು ಅಗಲ ಮಾಡಿಕೊಂಡಿತ್ತು. ನನ್ನ ಮುಷ್ಟಿ ಹೋಗುವಷ್ಟು ಜಾಗ, ಅಷ್ಟೇ. ಅದಕ್ಕೆ ತಲೆ ತೂರಿದರೆ ಸಾಕು, ಮೈ ಹಿಂದೆಯೇ ಬರುತ್ತದೆ.

ಮಗ ಸಿಟ್ಟಿಗೆದ್ದು ವಿಷ ಇಡುತ್ತೇನೆ ಎಂದ. ದಯವಿಟ್ಟು ಈ ಕೆಲಸ ಯಾರೂ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಗುಸಿ ಕೊಲ್ಲುವುದು ಅಪರಾಧ. ಮೇಲಾಗಿ ನಿಮ್ಮ ಹೊಲದ ಇಲಿ, ಹಾವು ತಿನ್ನುವುದೂ ಅದೇ. ಅದರ ಪಾಡಿಗೆ ಅದು ಇರಲಿ. ನೀವು ಬುಡ ಭದ್ರ ಮಾಡಿ.

ಹೇಗೆ ಮಾಡಿದೆವು ಅಂದರೆ, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಜಾಳಿ ತರಿಸಿದೆವು. ಎರಡು ಅಡಿ ಅಗಲದ ಪಟ್ಟಿ ಕತ್ತರಿಸಿ, ಆವರಣದ ಹೊರಗಡೆ ನಾಲ್ಕೂ ಸುತ್ತ ನೆಲದ ಮೇಲೆ ಚಪ್ಪಟೆಯಾಗಿ ಹಾಸಿದೆವು. ಒಳಗಡೆ ಅಲ್ಲ, ಹೊರಗಡೆ. ಅದರ ಒಂದು ಅಂಚನ್ನು ನಿಂತ ಜಾಳಿಗೆ ಬೈಂಡಿಂಗ್ ತಂತಿಯಿಂದ ಗೇಣಿಗೊಂದು ಕಟ್ಟು ಹಾಕಿ ಬಿಗಿದೆವು. ಮೇಲೆ ಒಂದಿಷ್ಟು ಮಣ್ಣು, ಮಣ್ಣಿನ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಪರ್ಸಿ ಕಲ್ಲಿನ ತುಂಡು. ಮುಂಗುಸಿ, ನಾಯಿ ಯಾವುದೇ ಇರಲಿ, ಗೋಡೆಯ ಬುಡಕ್ಕೆ ಬಂದು ಅಲ್ಲೇ ಕೆರೆಯುತ್ತವೆ. ಕೆಳಗೆ ಜಾಳಿ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಅಗೆಯಬೇಕು ಅಂತ ಅವಕ್ಕೆ ಹೊಳೆಯುವುದಿಲ್ಲ. ಮತ್ತೆ ಬೂದಿ ಉದುರಿಸಿ ನೋಡಿದಾಗ ಹೆಜ್ಜೆ ಬಂದಿತ್ತು, ಕಲ್ಲಿನ ಸಂದಿಯಲ್ಲಿ ಉಗುರಿನಿಂದ ಗೀರಿದ ಗುರುತೂ ಇತ್ತು. ಕೋಳಿ ಮಾತ್ರ ಲೆಕ್ಕಕ್ಕೆ ಸರಿ ಇದ್ದವು. ಎರಡು ಮನೆಗಳ ನಡುವೆ ಹೆಪ್ಪು ಮತ್ತೆ ಓಡಾಡಿತೋ ಇಲ್ಲವೋ, ನಾನು ಕೇಳಲಿಲ್ಲ.

ಕೆಲವರು ಹೇಳುತ್ತಾರೆ, ಅಡಿಪಾಯ ತೋಡಿ ಸಿಮೆಂಟ್ ಹಾಕಿದರೆ ಆಗಲ್ವಾ ಅಂತ. ಎರೆ ಮಣ್ಣಿನಲ್ಲಿ ಬೇಡ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ತೆಳ್ಳನೆಯ ಸಿಮೆಂಟ್ ಸೀಳಿ ಬಿಡುತ್ತದೆ. ಹಾಸಿದ ಜಾಳಿ ಮಣ್ಣಿನ ಜೊತೆ ಏಳುತ್ತದೆ, ಇಳಿಯುತ್ತದೆ. ಸುಮ್ನೆ ಖರ್ಚು ಮಾಡಬೇಡಿ.

ಇನ್ನೊಂದು. ಅಂಗಡಿಯಲ್ಲಿ ಕೋಳಿ ಜಾಳಿ ಕೊಡಿ ಎಂದರೆ ಆರು ಮೂಲೆ ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅದು ಕೋಳಿಯನ್ನು ಒಳಗೆ ತಡೆಯುತ್ತದೆ, ಹೊರಗಿನ ನಾಯಿಯನ್ನು ತಡೆಯುವುದಿಲ್ಲ. ಮಾಡಿನ ಹತ್ತಿರ ಅದನ್ನು ಹಾಕಿ, ಪರವಾಗಿಲ್ಲ. ನೆಲದಿಂದ ಮೂರು ಅಡಿವರೆಗೆ ಮಾತ್ರ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಬೇಕು. ಕಣ್ಣು ದೊಡ್ಡದಾದರೆ ಬೆಕ್ಕು ಹೊರಗಿನಿಂದಲೇ ಕೈ ಹಾಕಿ ಮರಿಯ ಕಾಲು ಎಳೆಯುತ್ತದೆ. ಬಾಗಿಲ ಕೆಳಗೆ ಕಲ್ಲಿನ ಹೊಸ್ತಿಲು ಇಡಿ. ಬುಡ ಅಂದರೆ ಬಾಗಿಲ ಬುಡವೂ ಸೇರಿತು, ಇದನ್ನು ಎಲ್ಲರೂ ಮರೆಯುತ್ತಾರೆ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಹೊತ್ತು ಕಡಿಮೆ ಇದೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ರಾತ್ರಿ ಮಲಗಲು ಆವರಣದೊಳಗೆ ಆರು ಅಡಿಗೆ ನಾಲ್ಕು ಅಡಿಯ ಗೂಡು, ನೆಲದಿಂದ ಒಂದೂವರೆ ಅಡಿ ಮೇಲೆ. ಸಂಜೆ ಅದರ ಬಾಗಿಲು ಹಾಕಲೇಬೇಕು. ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ. ಗದಗ ಕಡೆ ಗಾಳಿ ಜಾಸ್ತಿ, ಪತ್ರಾಸನ್ನು ಬೋಲ್ಟ್ ಹಾಕಿ ಬಿಗಿಯಿರಿ. ಕಲಘಟಗಿ, ಹಾನಗಲ್ ಕಡೆಯವರು ಮಳೆ ಹೊಡೆಯುವ ದಿಕ್ಕಿಗೆ ತಾಡಪತ್ರಿ ಕಟ್ಟಿ. ನಾಲ್ಕೈದು ಹ್ಯಾಟೆಗೆ ಒಂದು ಮೊಟ್ಟೆ ಪೆಟ್ಟಿಗೆ ಸಾಕು, ಕತ್ತಲೆ ಮೂಲೆಯಲ್ಲಿ ಇಡಿ.

ಹುಂಜ ಬದಲಿಸಿದರೆ ಮೂರು ವಾರ ಕಾಯಿರಿ. ಹಳೆ ಹುಂಜದ ಬೀಜ ಅಷ್ಟು ದಿನ ಹ್ಯಾಟೆಯ ಹೊಟ್ಟೆಯಲ್ಲಿ ಉಳಿದಿರಬಹುದು. ಆಮೇಲೆ ಬಂದ ಮೊಟ್ಟೆ ಎತ್ತಿಡಿ, ಚೂಪು ತುದಿ ಕೆಳಗೆ ಮಾಡಿ, ತೊಳೆಯಬೇಡಿ, ವಾರದೊಳಗೆ ಕಾವಿಗೆ ಇಡಿ. ಗಿರಿರಾಜ ಅನ್ನುವ ಸುಧಾರಿತ ತಳಿಯ ಹ್ಯಾಟೆ ಕಾವಿಗೆ ಕೂರುವುದು ಅಪರೂಪ, ಜವಾರಿ ಹ್ಯಾಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆ ಇಡಿ. 21ನೇ ದಿನಕ್ಕೆ ಮರಿ. ಮರಿಗೆ ಒಂದು ವಾರದೊಳಗೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಸಿಕೆ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ಕೇಳಿ.

ಆವರಣ ಆಗಲೇ ಕಟ್ಟಿದವರು ಇದ್ದೀರಲ್ಲ, ನೀವು ಇವತ್ತು ಸಂಜೆ ಒಲೆಯ ಬೂದಿ ತೆಗೆದಿಟ್ಟುಕೊಳ್ಳಿ. ನಾಳೆ ಬೆಳಗ್ಗೆ ಜಾಳಿಯ ಸುತ್ತ ಉದುರಿಸಿ, ಮಧ್ಯಾಹ್ನ ಬಂದು ನೋಡಿ. ರಾತ್ರಿ ಹೊತ್ತಿಗೂ ಒಂದು ಸಲ ಉದುರಿಸಿ. ಹೆಜ್ಜೆ ಎಲ್ಲಿ ಕಂಡಿತೋ ಜಾಳಿ ಹಾಸುವುದನ್ನು ಅಲ್ಲಿಂದ ಶುರು ಮಾಡಿ. ನಮಸ್ಕಾರ.